ಗುರುವಿನ ಸುತ್ತ ಕಾಣದ ಬೇಲಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಯಾವ ಊರಿನವರೇ ಇರ್ರಿ, ರಾತ್ರಿ ಮಾಳಿಗೆ ಮ್ಯಾಲಿಂದ ನೋಡಿದರೆ ಗುರು ಗ್ರಹ ಬರೀ ಒಂದು ಚುಕ್ಕಿ. ಅದರ ಕಾಂತವಲಯ ಕಣ್ಣಿಗೆ ಕಾಣುವಂತಿದ್ದರೆ ಮಾತ್ರ ಹುಣ್ಣಿಮೆ ಚಂದ್ರನಿಗಿಂತ ದೊಡ್ಡದಾಗಿ ಕಾಣ್ತಿತ್ತು!

ಕಾಣದ ಕಣಗಳನ್ನು ಅಳೆಯೋ ಕೆಲಸದಲ್ಲಿ ನಮ್ಮವರೂ ಇದ್ದರು. ಉಡುಪಿ ಕಡೆಯ ಅದಮಾರಿನ ಯು. ಆರ್. ರಾವ್ 1960ರ ದಶಕದಲ್ಲಿ ಅಮೆರಿಕದಲ್ಲಿದ್ದಾಗ, ನಾಸಾದ ಪಯೋನಿಯರ್ ನೌಕೆಗಳ ಕಾಸ್ಮಿಕ್ ಕಿರಣ ಪ್ರಯೋಗಗಳಲ್ಲಿ ದುಡಿದರು. ಆ ನೌಕೆಗಳು ಸುತ್ತಿದ್ದು ಸೂರ್ಯನನ್ನು.

ಗುರುವಿನ ಹತ್ತಿರ ಮೊದಲು ಹೋಗಿದ್ದು ಅದೇ ಹೆಸರಿನ ಪಯೋನಿಯರ್ 10. ದಿನ, 1973ರ ಡಿಸೆಂಬರ್ 3. ಅಲ್ಲಿದ್ದ ವಿಕಿರಣ ಮನುಷ್ಯನ ಜೀವ ತೆಗೆಯೋ ಪ್ರಮಾಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕಣಗಳ ಹೊಡೆತಕ್ಕೆ ಕ್ಯಾಮೆರಾದೊಳಗೆ ಸುಳ್ಳು ಆದೇಶಗಳು ಹುಟ್ಟಿ, ಅಯೋ ಉಪಗ್ರಹದ ಚಿತ್ರ ಕೈತಪ್ಪಿತು. ನೌಕೆ ಮಾತ್ರ ಉಳೀತು.

ಆ ಲೆಕ್ಕ ಕೈಯಲ್ಲಿ ಹಿಡಿದೇ ವಿಜ್ಞಾನಿಗಳು ವಾಯೇಜರ್ ನೌಕೆಗಳನ್ನು ವಿಕಿರಣ ತಡೆಯುವಂತೆ ಗಟ್ಟಿ ಮಾಡಿದರು. 1979ರಲ್ಲಿ ವಾಯೇಜರ್ 1 ಅದೇ ಅಯೋದ ಜ್ವಾಲಾಮುಖಿಗಳನ್ನೇ ತೋರಿಸಿತು. ಅಯೋದಿಂದ ಸೆಕೆಂಡಿಗೆ ಸುಮಾರು ಒಂದು ಟನ್ ಗಂಧಕ, ಆಮ್ಲಜನಕ ಹೊರಬಿದ್ದು ಗುರುವಿನ ಕಾಂತವಲಯ ತುಂಬ್ತದೆ. ಪಯೋನಿಯರ್ ತಿಂದ ಏಟು ವಾಯೇಜರ್‌ಗೆ ದಾರಿ ಆಯ್ತು.

ನಿಮ್ಮೂರಿನ ಆಕಾಶದಾಗ ಗುರು ಕಂಡರೆ ಕಾಮೆಂಟಿನಲ್ಲಿ ಹೇಳ್ರಿ. ಮುಂದಿನ ಕಂತು: ಶನಿ.