ಫೈಲು ತೆರೆಯುವ ಒಂದು ಪುಟದ ಚರಿತ್ರೆ

ಚರಿತ್ರೆ ಎಂದೊಡನೆ ನಮ್ಮ ಮಕ್ಕಳಿಗೆ ರಾಜರು, ಕೋಟೆಗಳು, ಯುದ್ಧಗಳು ನೆನಪಾಗುತ್ತವೆ. ಗಣಕಯಂತ್ರದ ಕೈಪಿಡಿಯಲ್ಲಿರುವ ಒಂದೇ ಒಂದು ಪುಟಕ್ಕೂ ಐವತ್ತು ವರ್ಷಕ್ಕೂ ಮೀರಿದ ಚರಿತ್ರೆ ಇದೆ ಎಂದರೆ ಹಿರಿಯರೂ ನಂಬಲಿಕ್ಕಿಲ್ಲ. ನಾನು ಇಲ್ಲಿ ಹೇಳಹೊರಟಿರುವುದು ಫೈಲನ್ನು ತೆರೆಯುವ ಆಜ್ಞೆಯ ಪುಟದ ಬಗ್ಗೆ. ಆ ಆಜ್ಞೆಯ ಹೆಸರು 'ಓಪನ್'. ನಾವು ಪರದೆಯ ಮೇಲೆ ಫೈಲಿನ ಚಿತ್ರವನ್ನು ಒತ್ತುತ್ತೇವೆ, ಅದು ತೆರೆದುಕೊಳ್ಳುತ್ತದೆ. ಒಳಗೆ ನಡೆಯುವುದೇನೆಂದರೆ, ನಾವು ಬಳಸುತ್ತಿರುವ ತಂತ್ರಾಂಶವು ಆಪರೇಟಿಂಗ್ ಸಿಸ್ಟಮ್‌ನ ಹೃದಯವಾದ ಕರ್ನೆಲ್ಲಿಗೆ ಈ ಆಜ್ಞೆಯನ್ನು ಕಳಿಸಿ, ಫೈಲನ್ನು ಹೇಗೆ ತೆರೆಯಬೇಕೆಂದು ಕೆಲವು ಆಯ್ಕೆಗಳನ್ನೂ ಜೊತೆಗೆ ಹೇಳುತ್ತದೆ. ಓದಲು ಮಾತ್ರವೇ? ಬರೆಯಲಿಕ್ಕೂ ಬೇಕೇ? ಇಲ್ಲದಿದ್ದರೆ ಹೊಸದಾಗಿ ಹುಟ್ಟಿಸಬೇಕೇ? ಈ ಆಯ್ಕೆಗಳೆಲ್ಲ ಒಂದೇ ಸಲ ಬಂದವುಗಳಲ್ಲ. ಒಂದೊಂದೂ ಒಂದೊಂದು ಕಾಲದಲ್ಲಿ, ಒಂದೊಂದು ತೊಂದರೆಗೆ ಪರಿಹಾರವಾಗಿ ಬಂದದ್ದು.

ಈ ಪುಟವನ್ನು ನೋಡಲು ದೂರ ಹೋಗಬೇಕಾಗಿಲ್ಲ. ನಮ್ಮ ರಾಜ್ಯದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ 2011ರಿಂದ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯನ್ನೇ ಬಳಸಲಾಯಿತು. ಅದೇ ಉಬುಂಟುವಿನ ಕಪ್ಪು ಪರದೆಯಲ್ಲಿ 'ಮ್ಯಾನ್ 2 ಓಪನ್' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ, ಕೈಪಿಡಿ ಪುಟಗಳ ಕಟ್ಟನ್ನು ಯಂತ್ರಕ್ಕೆ ಹಾಕಿಸಿಕೊಂಡಿದ್ದರೆ, ಆ ಪುಟ ಎದುರಿಗೆ ಬರುತ್ತದೆ. 'ಮ್ಯಾನ್' ಎಂದರೆ ಇಲ್ಲಿ ಮನುಷ್ಯನಲ್ಲ, 'ಮ್ಯಾನ್ಯುಯಲ್' ಎಂಬ ಪದದ ತುಂಡು. ಎರಡು ಎಂಬುದು ಕೈಪಿಡಿಯ ಎರಡನೆಯ ಭಾಗ, ಅಂದರೆ ಕರ್ನೆಲ್ಲಿಗೆ ಕೊಡುವ ಆಜ್ಞೆಗಳ ಭಾಗ. ಇದಕ್ಕೆ ಇಂಟರ್‌ನೆಟ್ ಬೇಕಿಲ್ಲ. ಅಂಕಲಗಿಯಂಥ ಊರಿನಲ್ಲಿ ಇದು ಸಣ್ಣ ಅನುಕೂಲವೇನಲ್ಲ.

ಪುಟದ ಮೂಲ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದೆ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅಲ್ಲಿ ಕಟ್ಟಿದ ಯುನಿಕ್ಸ್ ವ್ಯವಸ್ಥೆಯ ಮೊದಲ ಕೈಪಿಡಿಯ ಮೇಲೆ 1971ರ ನವೆಂಬರ್ 3 ಎಂಬ ದಿನಾಂಕವಿದೆ. ಅದರಲ್ಲಿ 'ಓಪನ್' ಆಜ್ಞೆಗೂ ಒಂದು ಪುಟವಿತ್ತು. ಅಂದು ಆಯ್ಕೆಗಳೆಂದು ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಓದಲೋ ಬರೆಯಲೋ ಎಂಬುದನ್ನು ಒಂದು ಅಂಕಿ ಹೇಳುತ್ತಿತ್ತು, ಅಷ್ಟೇ. ಆದರೆ ಆ ಕೈಪಿಡಿಯ ಒಂದು ಗುಣ ಮೆಚ್ಚತಕ್ಕದ್ದು. ಹೆಸರು, ಬಳಸುವ ರೀತಿ, ವಿವರಣೆ ಇವುಗಳ ಜೊತೆಗೆ 'ದೋಷಗಳು' ಎಂಬ ಶೀರ್ಷಿಕೆಯೂ ಅದರಲ್ಲಿತ್ತು, ಈ ಭಾಗ ಯಾರ ಹೊಣೆ ಎಂಬುದೂ ಇತ್ತು. ತಾವೇ ಮಾಡಿದ ವಸ್ತುವಿನ ಕುಂದನ್ನು ತಾವೇ ಅಚ್ಚು ಹಾಕಿ ಕೊಡುವವರು ಎಷ್ಟು ಜನ ಸಿಗುತ್ತಾರೆ? ಅದೇ ವಿಭಾಗದ ಮುಖ್ಯಸ್ಥರಾಗಿದ್ದ ಡಗ್ ಮೆಕಿಲ್ರಾಯ್ ಕೈಪಿಡಿ ಚೊಕ್ಕವಾಗಿರಬೇಕೆಂದು ಪಟ್ಟು ಹಿಡಿದವರು. ವಿವರಿಸಲು ಕಷ್ಟವಾದದ್ದನ್ನು ಕಂಡರೆ ವಿವರಣೆಯನ್ನು ಬೆಳೆಸುವ ಬದಲು ಆ ವಸ್ತುವನ್ನೇ ಸರಿಪಡಿಸುವ ರೂಢಿ ಅಲ್ಲಿ ಬೆಳೆಯಿತು.

ಅಂದಿನ 'ಓಪನ್' ಇದ್ದ ಫೈಲನ್ನಷ್ಟೇ ತೆರೆಯುತ್ತಿತ್ತು. ಹೊಸ ಫೈಲು ಬೇಕಾದರೆ ಬೇರೆಯೇ ಒಂದು ಆಜ್ಞೆ. 'ಕ್ರಿಯೇಟ್' ಎಂಬ ಇಂಗ್ಲಿಷ್ ಪದದ ಕೊನೆಯ ಅಕ್ಷರವನ್ನು ಬಿಟ್ಟು ಅದನ್ನು ಬರೆಯಲಾಗಿತ್ತು. ಯುನಿಕ್ಸನ್ನು ಮತ್ತೊಮ್ಮೆ ಕಟ್ಟುವುದಾದರೆ ಏನು ಬದಲಿಸುವಿರಿ ಎಂದು ಕೇಳಿದಾಗ, ಆ ಅಕ್ಷರವನ್ನು ಸೇರಿಸುತ್ತೇನೆ ಎಂದು ಥಾಂಪ್ಸನ್ ನಗೆಯಾಡಿದ್ದುಂಟು. ಕಾಗುಣಿತ ತಿದ್ದುವ ನಮ್ಮಂಥ ಮೇಷ್ಟ್ರುಗಳಿಗೆ ಈ ಮಾತು ಬಲು ಹಿತ! 1980ರ ದಶಕದ ಮೊದಲ ಭಾಗದಲ್ಲಿ ಹೊಸ ಫೈಲು ಹುಟ್ಟಿಸುವ ಕೆಲಸವೂ 'ಓಪನ್' ಆಜ್ಞೆಯ ಒಂದು ಆಯ್ಕೆಯಾಯಿತು. ಆಯ್ಕೆಗಳ ಪಟ್ಟಿ ಬೆಳೆಯತೊಡಗಿದ್ದು ಅಲ್ಲಿಂದ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಯುನಿಕ್ಸಿನ ಮಾದರಿಯಲ್ಲಿ ಲಿನಕ್ಸ್ ಕರ್ನೆಲ್ ಬರೆದರು. ಅದಕ್ಕೊಂದು ಕೈಪಿಡಿ ಬೇಕಾಯಿತು. 1993ರಲ್ಲಿ ರಿಕ್ ಫೇತ್ ಅದನ್ನು ಆರಂಭಿಸಿದರು. 1995ರಿಂದ ನೆದರ್ಲೆಂಡ್ಸಿನ ಗಣಿತಜ್ಞ ಆಂದ್ರೀಸ್ ಬ್ರೌವರ್ ನೋಡಿಕೊಂಡರು. 2004ರಲ್ಲಿ ನ್ಯೂಜಿಲೆಂಡಿನಿಂದ ಬಂದು ಜರ್ಮನಿಯ ಮ್ಯೂನಿಕ್‌ನಲ್ಲಿ ನೆಲೆಸಿದ್ದ ಮೈಕೆಲ್ ಕೆರಿಸ್ಕ್ ಅವರ ಕೈಗೆ ಬಂತು. ಕರ್ನೆಲ್ ಬರೆಯುವವರು ಸಾವಿರಾರು ಜನ. ಅದರ ಕೈಪಿಡಿಯ ಹೊಣೆ ಹೊತ್ತವರನ್ನು ಒಂದೇ ಕೈಯ ಬೆರಳುಗಳಲ್ಲಿ ಎಣಿಸಬಹುದು.

ಕೆರಿಸ್ಕ್ ಅವರ ಕಾಲದಲ್ಲಿ 'ಓಪನ್' ಪುಟಕ್ಕೆ ಸೇರಿದ ಎರಡು ಆಯ್ಕೆಗಳನ್ನು ನೋಡೋಣ. ಒಂದು 'ಓ-ಕ್ಲೋಎಕ್ಸೆಕ್'. 2007ರ ಅಕ್ಟೋಬರಿನಲ್ಲಿ ಹೊರಬಂದ 2.6.23ನೇ ಕರ್ನೆಲ್ಲಿನಲ್ಲಿ ಇದು ಬಂತು. ಒಂದು ತಂತ್ರಾಂಶ ಇನ್ನೊಂದನ್ನು ಹುಟ್ಟಿಸಿದಾಗ, ತಾಯಿ ತೆರೆದಿಟ್ಟ ಫೈಲುಗಳು ಮಗುವಿಗೂ ಬಳುವಳಿಯಾಗಿ ಹೋಗುತ್ತವೆ. ಕಪಾಟಿಗೆ ಬೀಗ ಹಾಕದೆ ರಜೆ ಹೋದ ಮೇಷ್ಟ್ರ ಬದಲಿಗೆ ಬಂದವರಿಗೆ ಉತ್ತರ ಪತ್ರಿಕೆಗಳೆಲ್ಲ ಕೈಗೆ ಸಿಕ್ಕಂತೆ. ಫೈಲು ತೆರೆದ ಮೇಲೆ ಬೇರೊಂದು ಆಜ್ಞೆಯಿಂದ ಬೀಗ ಹಾಕಬಹುದಿತ್ತು ನಿಜ. ಆದರೆ ಒಂದೇ ತಂತ್ರಾಂಶದಲ್ಲಿ ಹಲವು ಎಳೆಗಳು ಒಟ್ಟಿಗೆ ಓಡುವಾಗ, ತೆರೆಯುವುದಕ್ಕೂ ಬೀಗ ಹಾಕುವುದಕ್ಕೂ ನಡುವಿನ ಕ್ಷಣದಲ್ಲೇ ಮಗು ಹುಟ್ಟಿಬಿಡಬಹುದು. ತೆರೆಯುವಾಗಲೇ ಬೀಗ ಹಾಕುವುದೇ ಈ ಆಯ್ಕೆಯ ಕೆಲಸ. ಕೈಪಿಡಿ ಈ ಕಾರಣವನ್ನೂ ಬಿಡದೆ ಬರೆದಿದೆ. ಕಾರಣ ಬರೆಯದಿದ್ದರೆ, ಹಳೆಯ ಆಜ್ಞೆ ಇರುವಾಗ ಇದೇಕೆ ಎಂದು ಯಾರಾದರೂ ಕೈಬಿಟ್ಟಾರು.

ಎರಡನೆಯದು 'ಓ-ಟಿಎಂಪಿಫೈಲ್'. 2013ರ ಸೆಪ್ಟೆಂಬರಿನಲ್ಲಿ ಬಂದ 3.11ನೇ ಕರ್ನೆಲ್ಲಿಗೆ ಅಲ್ ವೀರೋ ಇದನ್ನು ಸೇರಿಸಿದರು. ನನ್ನ ಮಟ್ಟಿಗೆ ಇಡೀ ಪುಟದಲ್ಲಿ ಅತ್ಯಂತ ಸ್ವಾರಸ್ಯವಾದದ್ದು ಇದೇ. ನಾವು ಅಂಕಪಟ್ಟಿ ಬರೆಯುವಾಗ ಮೊದಲು ಕಚ್ಚಾ ಹಾಳೆಯ ಮೇಲೆ ಲೆಕ್ಕ ಮಾಡಿ, ಸರಿಬಂದ ಮೇಲೆ ರಿಜಿಸ್ಟರಿಗೆ ಏರಿಸುತ್ತೇವೆ. ತಂತ್ರಾಂಶಗಳಿಗೂ ಕಚ್ಚಾ ಹಾಳೆ ಬೇಕು. ಹಳೆಯ ಪದ್ಧತಿಯಲ್ಲಿ ಅದಕ್ಕೊಂದು ಹೆಸರಿಟ್ಟು ಎಲ್ಲರೂ ಬರೆಯಬಹುದಾದ ಜಾಗದಲ್ಲಿ ಇಡುತ್ತಿದ್ದರು. ಆ ಹೆಸರನ್ನು ಊಹಿಸಿದ ಕಿಡಿಗೇಡಿ ಅದೇ ಹೆಸರಿನಲ್ಲಿ ತನ್ನದೊಂದನ್ನು ಮೊದಲೇ ಇಟ್ಟು ಮೋಸ ಮಾಡಬಹುದಿತ್ತು. ತಂತ್ರಾಂಶ ಅರ್ಧಕ್ಕೆ ನಿಂತರೆ ಕಚ್ಚಾ ಹಾಳೆ ಅಲ್ಲೇ ಕಸವಾಗಿ ಉಳಿಯುತ್ತಿತ್ತು. ಹೊಸ ಆಯ್ಕೆ ಹೆಸರೇ ಇಲ್ಲದ ಫೈಲನ್ನು ತೆರೆಯುತ್ತದೆ. ಹೆಸರಿಲ್ಲದ್ದನ್ನು ಹುಡುಕುವವರು ಯಾರು? ಮುಚ್ಚಿದೊಡನೆ ಅದು ತಾನಾಗಿಯೇ ಇಲ್ಲವಾಗುತ್ತದೆ. ಉಳಿಸಿಕೊಳ್ಳಬೇಕೆನಿಸಿದರೆ ಬರೆದು ಮುಗಿಸಿ, ಅನುಮತಿಗಳನ್ನೆಲ್ಲ ಸರಿಪಡಿಸಿ, ಕೊನೆಗೆ 'ಲಿಂಕ್‌ಆಟ್' ಎಂಬ ಆಜ್ಞೆಯಿಂದ ಒಂದೇ ಏಟಿಗೆ ಹೆಸರು ಕೊಡಬಹುದು. ಹಾಗಾಗಿ ಅರ್ಧ ಬರೆದ ಸ್ಥಿತಿಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇಷ್ಟನ್ನು ಹೇಳಿ ಮುಗಿಸಿದ್ದರೆ ಅದು ಜಾಹೀರಾತಾಗುತ್ತಿತ್ತು. ಕೈಪಿಡಿ ಬರೆದವರ ಶ್ರಮ ಕಾಣುವುದು ಮುಂದಿನ ಸಾಲುಗಳಲ್ಲಿ. ಈ ಆಯ್ಕೆಯ ಜೊತೆ ಫೈಲಿನ ಹೆಸರಲ್ಲ, ಅದು ಹುಟ್ಟಬೇಕಾದ ಡೈರೆಕ್ಟರಿಯ ಹೆಸರನ್ನು ಕೊಡಬೇಕು. ಬರೆಯುವ ಅನುಮತಿಯನ್ನೂ ಕೇಳಿರಬೇಕು. ಫೈಲನ್ನು ಯಾರು ಓದಬಹುದು, ಯಾರು ಬರೆಯಬಹುದು ಎಂಬ ಮೂರನೆಯ ಅಂಶವನ್ನು ಕೊಡಲೇಬೇಕು, ಮರೆತರೆ ನೆನಪಿನ ಕೋಶದಲ್ಲಿ ಬಿದ್ದಿರುವ ಯಾವುದೋ ಕಸವೇ ಅನುಮತಿಯಾಗಿಬಿಡುತ್ತದೆ ಎಂದು ಪುಟ ಎಚ್ಚರಿಸುತ್ತದೆ. 'ಓ-ಎಕ್ಸ್‌ಕ್ಲ್' ಎಂಬ ಹಳೆಯ ಆಯ್ಕೆಗೆ 'ಈ ಫೈಲು ಮೊದಲೇ ಇದ್ದರೆ ತೆರೆಯಬೇಡ' ಎಂಬ ಅರ್ಥವಿತ್ತು. ಇದರ ಜೊತೆ ಸೇರಿದಾಗ ಅದಕ್ಕೆ ಬೇರೆಯೇ ಅರ್ಥ: ಮುಂದೆಯೂ ಈ ಫೈಲಿಗೆ ಹೆಸರು ಕೊಡಲು ಬಿಡಬೇಡ. ವ್ಯಾಕರಣದಲ್ಲಿ ಒಂದೇ ಪ್ರತ್ಯಯ ಬೇರೆ ಬೇರೆ ಪದದೊಡನೆ ಬೇರೆ ಅರ್ಥ ಕೊಟ್ಟಂತೆ! ಇದನ್ನು ಯಾರೂ ಊಹೆಯಿಂದ ತಿಳಿಯಲಾರರು.

ಎಲ್ಲ ಡಿಸ್ಕುಗಳಲ್ಲೂ ಇದು ನಡೆಯುವುದಿಲ್ಲ. ಇ-ಎಕ್ಸ್‌ಟಿ 4 ಮುಂತಾದ ಕೆಲವು ಫೈಲ್ ವ್ಯವಸ್ಥೆಗಳಲ್ಲಿ ಮೊದಲಿನಿಂದಲೂ ಇತ್ತು, ಎಕ್ಸ್‌ಎಫ್‌ಎಸ್‌ಗೆ 3.15ರಲ್ಲಿ, ಬಿ-ಟ್ರೀಎಫ್‌ಎಸ್‌ಗೆ 3.16ರಲ್ಲಿ ಬಂತು ಎಂದು ಪುಟ ಲೆಕ್ಕ ಕೊಡುತ್ತದೆ. ಈ ಆಯ್ಕೆಯೇ ಗೊತ್ತಿಲ್ಲದ ಹಳೆಯ ಕರ್ನೆಲ್ಲಿನಲ್ಲಿ ಇದನ್ನು ಬಳಸಿದರೆ ಏನಾದೀತು? ಅದಕ್ಕೆ ಕಾಣುವುದು 'ಡೈರೆಕ್ಟರಿಯನ್ನು ಬರೆಯಲು ತೆರೆ' ಎಂಬ ಅಸಂಬದ್ಧ ಬೇಡಿಕೆ. ಆದ್ದರಿಂದ 'ಇದು ಡೈರೆಕ್ಟರಿ' ಎಂದು ಹೇಳಿ ನಿರಾಕರಿಸುತ್ತದೆ. ಆ ದೋಷ ಸಂದೇಶವನ್ನು ಕಂಡ ಹುಡುಗ ತಾನೇ ಎಡವಿದೆ ಎಂದು ದಿನಗಟ್ಟಲೆ ತಲೆ ಕೆಡಿಸಿಕೊಳ್ಳಬಹುದು. ಕೈಪಿಡಿಯಲ್ಲಿ ಆ ಸಂದೇಶದ ಕೆಳಗೆ ನಿಜವಾದ ಅರ್ಥ ಬರೆದಿದೆ: ನಿನ್ನ ಕರ್ನೆಲ್ಲಿಗೆ ಈ ಆಯ್ಕೆ ತಿಳಿಯದು. ಉರ್ದು, ಫಾರಸಿಯ ಹಳೆಯ ಗ್ರಂಥಗಳ ಅಂಚಿನಲ್ಲಿ 'ಹಾಶಿಯಾ' ಬರೆದು ಮೂಲದ ಗಂಟನ್ನು ಬಿಡಿಸುತ್ತಿದ್ದರು. ನಮ್ಮ ಕನ್ನಡದ ಟೀಕಾಕಾರರ ಕೆಲಸವೂ ಅದೇ. ಈ ಒಂದು ಸಾಲು ಅಂಥದ್ದೊಂದು ಹಾಶಿಯಾ ಎಂದು ನನಗೆ ತೋರುತ್ತದೆ.

ಹೀಗೆ ಬರೆಯಬೇಕಾದರೆ ಬರೆಯುವವರು ಪ್ರತಿಯೊಂದನ್ನೂ ಸ್ವತಃ ಮಾಡಿ ನೋಡಬೇಕು. ಹಾಗೆ ಮಾಡುವಾಗಲೇ ಮೂಲದ ತಪ್ಪುಗಳೂ ಸಿಕ್ಕಿಬೀಳುತ್ತವೆ. 2007ರಲ್ಲಿ 2.6.22ನೇ ಕರ್ನೆಲ್ಲಿನಲ್ಲಿ 'ಟೈಮರ್‌ಎಫ್‌ಡಿ' ಎಂಬ ಹೊಸ ಆಜ್ಞೆ ಬಂದಿತ್ತು. ಇದು ಸಮಯ ಎಣಿಸುವ ಆಜ್ಞೆ, ಫೈಲು ತೆರೆಯುವುದಲ್ಲ. ಆದರೂ ಇಲ್ಲಿ ಹೇಳಲೇಬೇಕು. ಕೆರಿಸ್ಕ್ ಅದರ ಕೊರತೆಗಳನ್ನು ಎತ್ತಿ ತೋರಿಸಿದರು. ಮುಂದಿನ ಆವೃತ್ತಿಯಲ್ಲಿ ಅದನ್ನು ನಿಲ್ಲಿಸಿ, ಬೇರೆ ರೂಪ ಕೊಟ್ಟು 2.6.25ರಲ್ಲಿ ಮತ್ತೆ ತಂದರು. ಕರ್ನೆಲ್ಲಿನಲ್ಲಿ ಒಮ್ಮೆ ನೆಲೆಯೂರಿದ್ದನ್ನು ಬದಲಿಸಿದರೆ ಅದನ್ನು ನಂಬಿದ ತಂತ್ರಾಂಶಗಳೆಲ್ಲ ಕೆಡುತ್ತವೆ. ಆದ್ದರಿಂದ ಕೈಪಿಡಿ ತಡವಾಗಿ ಬರೆದರೆ ತಪ್ಪು ತಿಳಿದರೂ ತಿದ್ದುವ ದಾರಿ ಇರುವುದಿಲ್ಲ.

ಇಷ್ಟು ಮಹತ್ವದ ಕೆಲಸಕ್ಕೆ ಸಂಬಳವಿರಬೇಕಲ್ಲವೇ? ಬಹುಕಾಲ ಅದು ಬಿಡುವಿನ ವೇಳೆಯ ಸೇವೆಯೇ ಆಗಿತ್ತು. 2020ರಲ್ಲಿ ಅಲೆಹಾಂದ್ರೊ ಕೊಲೊಮಾರ್ ಜೊತೆಗೂಡಿದರು, ಮುಂದೆ ಹೊಣೆ ಅವರದೇ ಆಯಿತು. 2024ರ ಸೆಪ್ಟೆಂಬರಿನಲ್ಲಿ ಅವರು, ಹಣದ ಬೆಂಬಲವಿಲ್ಲದೆ ಇದನ್ನು ಮುಂದುವರಿಸಲಾಗದು ಎಂದು ಕೆಲಸ ನಿಲ್ಲಿಸುವುದಾಗಿ ತಿಳಿಸಿದರು. ಲೋಕದ ದೊಡ್ಡ ದೊಡ್ಡ ಕಂಪನಿಗಳ ಯಂತ್ರಗಳು ಓಡುವುದು ಲಿನಕ್ಸ್ ಮೇಲೆ. ಅದರ ಕೈಪಿಡಿಯನ್ನು ನೋಡಿಕೊಳ್ಳುವವರಿಗೆ ಕೂಲಿ ಇಲ್ಲ! ಬಳಿಕ ಕೆಲವು ಕಂಪನಿಗಳು ಹಣ ಕೊಡಲು ಮುಂದೆ ಬಂದವು, ಕೆಲಸ ಮತ್ತೆ ಸಾಗಿತು.

ನಮ್ಮ ಮಕ್ಕಳು ಈ ಪುಟವನ್ನು ತೆರೆದರೆ ಕಾಣುವುದು ಇಂಗ್ಲಿಷ್. ಕನ್ನಡಕ್ಕೆ ಇದನ್ನು ತರುವುದು ಕಷ್ಟವೇನಲ್ಲ, ವಾಕ್ಯಗಳು ಚಿಕ್ಕವು, ನೇರವಾದವು. ಕಷ್ಟವಿರುವುದು ಮರುವರ್ಷ. ಹೊಸ ಆಯ್ಕೆ ಬಂದಾಗ ಮತ್ತೆ ಕುಳಿತು ತಿದ್ದುವವರು ಬೇಕು. ಒಮ್ಮೆ ಅನುವಾದಿಸಿ ಬಿಟ್ಟ ಕೈಪಿಡಿ ಹಳೆಯ ಪಂಚಾಂಗವಿದ್ದಂತೆ. ಪಿಯುಸಿ, ಡಿಪ್ಲೊಮಾ ಓದುವ ಇಬ್ಬರು ಮೂವರು ಸೇರಿ 'ಓಪನ್' ಒಂದೇ ಪುಟವನ್ನು ಹೊಣೆ ಹೊತ್ತು ನೋಡಿಕೊಂಡರೂ ಸಾಕು ಎಂಬುದು ನನ್ನ ಆಸೆ.

ಕೊನೆಯದಾಗಿ ಇನ್ನೊಂದು ಬದಲಾವಣೆ. 'ಓಪನ್' ಆಜ್ಞೆಗೆ ಹುಟ್ಟಿನಿಂದ ಬಂದ ಒಂದು ದೌರ್ಬಲ್ಯವಿದೆ. ತನಗೆ ಗೊತ್ತಿಲ್ಲದ ಆಯ್ಕೆಯನ್ನು ಕೊಟ್ಟರೆ ಅದು ಗೊತ್ತಿಲ್ಲ ಎನ್ನುವುದಿಲ್ಲ, ಸುಮ್ಮನೆ ಕಡೆಗಣಿಸಿ ಮುಂದೆ ಹೋಗುತ್ತದೆ. ಪಾಠ ತಿಳಿಯದಿದ್ದರೂ ತಲೆಯಾಡಿಸುವ ಹುಡುಗನ ಹಾಗೆ. ಹೊಸ ಆಯ್ಕೆ ಸೇರಿಸುವವರಿಗೆ ಪ್ರತಿ ಸಲವೂ ಇದೇ ತೊಡಕು. ಹಳೆಯ ತಂತ್ರಾಂಶಗಳು ಕೆಟ್ಟಾವೆಂದು ಈಗ ಅದನ್ನು ತಿದ್ದುವಂತಿಲ್ಲ. ಆದ್ದರಿಂದ 2020ರ ಮಾರ್ಚಿನಲ್ಲಿ ಬಂದ 5.6ನೇ ಕರ್ನೆಲ್ಲಿನಲ್ಲಿ ಅಲೆಕ್ಸಾ ಸರಾಯ್ ಅವರು 'ಓಪನ್‌ಆಟ್2' ಎಂಬ ಬೇರೊಂದು ಆಜ್ಞೆಯನ್ನೇ ತಂದರು. ಗೊತ್ತಿಲ್ಲದ ಆಯ್ಕೆ ಬಂದರೆ ಅದು ದೋಷವೆಂದು ಹಿಂದಿರುಗಿಸುತ್ತದೆ. ಹೊಸ ಆಜ್ಞೆಯ ಜೊತೆಗೆ ಕೈಪಿಡಿಯ ಪುಟವೂ ಬರಬೇಕೆಂದು ಕರ್ನೆಲ್ ಬಳಗ ಅಷ್ಟರಲ್ಲಿ ತನ್ನ ಸೂಚನೆಗಳಲ್ಲೇ ಬರೆದಿಟ್ಟಿತ್ತು. ಈ ಆಜ್ಞೆಯ ಪುಟವನ್ನು ಬರೆದವರೂ ಸರಾಯ್ ಅವರೇ.