ಗೋಕಾಕದ ಪೆಟ್ಟಿಗೆ: ಸರಕಾರದ ಹೊಣೆಗೆ ಮಿತಿಯೆಷ್ಟು?

ಬೆಳಗಾವಿ ಜಿಲ್ಲೆಯ ಗೋಕಾಕದ ಪೋಲೀಸು ಠಾಣೆಯಲ್ಲಿ ಒಂದು ಪೆಟ್ಟಿಗೆಯಿತ್ತು. ಕಳವಾಗಿ ಮರಳಿ ದೊರೆತ ಒಬ್ಬ ಮಹಿಳೆಯ ಒಡವೆಗಳನ್ನು ಅದರಲ್ಲಿ ಇಡಲಾಗಿತ್ತು. ಮುಂದೆ ತೆರೆದು ನೋಡಿದಾಗ ಒಳಗಿದ್ದುವು ಸಣ್ಣ ಕಲ್ಲುಗಳು. ಅವುಗಳ ಬೆಲೆಯನ್ನಾದರೂ ಕೊಡಿಸಬೇಕೆಂಬ ಆಕೆಯ ಬೇಡಿಕೆಗೆ ಮೈಸೂರು ಉಚ್ಚ ನ್ಯಾಯಾಲಯದ ವರೆಗೆ ಮನ್ನಣೆ ದೊರೆಯಲಿಲ್ಲ.

ಸರಕಾರದಿಂದ ಪ್ರಜೆಗಾದ ಹಾನಿಗೆ ಎಷ್ಟರ ಮಟ್ಟಿಗೆ ಪರಿಹಾರ ಸಲ್ಲಬೇಕೆಂಬ ಪ್ರಶ್ನೆ ನಮ್ಮ ದೇಶದಲ್ಲಿ ಹಳೆಯದು. ಖಿದಿರಪುರದ ಸರಕಾರಿ ಹಡಗುಕಟ್ಟೆಯ ಕೆಲಸಗಾರರು ಹೊತ್ತೊಯ್ಯುತ್ತಿದ್ದ ಕಬ್ಬಿಣದ ದೆಸೆಯಿಂದ ಒಂದು ಹಡಗು ಕಂಪೆನಿಯ ಗಾಡಿಯ ಕುದುರೆಗೆ ಪೆಟ್ಟಾಯಿತು. ಬೇಡಿದ ಪರಿಹಾರ 350 ರೂಪಾಯಿ. ಕಲಕತ್ತೆಯ ನ್ಯಾಯಾಲಯ 1861ರಲ್ಲಿ ಅದನ್ನು ಕೊಡಿಸಿತಾದರೂ ಒಂದು ಗೆರೆಯನ್ನೂ ಎಳೆಯಿತು: ವ್ಯಾಪಾರಿಯೊಬ್ಬನು ಮಾಡಬಹುದಾದ ಕೆಲಸದಲ್ಲಿ ಸರಕಾರ ಹೊಣೆಗಾರ, ರಾಜಾಧಿಕಾರದ ಕೆಲಸದಲ್ಲಿ ಅಲ್ಲ. ಕುದುರೆಯ ಗಾಯದಿಂದ ಹುಟ್ಟಿದ ಈ ಗೆರೆ ನಮ್ಮ ಸಂವಿಧಾನದ 300ನೆಯ ವಿಧಿಯ ಮೂಲಕ ಗಣರಾಜ್ಯದೊಳಕ್ಕೂ ನುಸುಳಿತು.

ಅದರ ಕಾಠಿನ್ಯ ಕಂಡುದು ಕಸ್ತೂರಿಲಾಲ್ ಮೊಕದ್ದಮೆಯಲ್ಲಿ. 1947ರಲ್ಲಿ ಮೀರತ್ತಿನ ಪೋಲೀಸರು ಅಮೃತಸರದ ವ್ಯಾಪಾರಿಯಿಂದ ನೂರು ತೊಲೆಗೂ ಮಿಕ್ಕ ಬಂಗಾರ ವಶಪಡಿಸಿಕೊಂಡರು. ಅದನ್ನು ಕಾಯಬೇಕಾದ ಹೆಡ್ ಕಾನ್ಸ್ಟೇಬಲನೇ ಎತ್ತಿಕೊಂಡು ಪಾಕಿಸ್ತಾನಕ್ಕೆ ಓಡಿದನು. ಪೋಲೀಸರ ನಿರ್ಲಕ್ಷ್ಯ ಸ್ಥಿರಪಟ್ಟರೂ ಸರ್ವೋಚ್ಚ ನ್ಯಾಯಾಲಯ 1964ರಲ್ಲಿ ಪರಿಹಾರ ನಿರಾಕರಿಸಿತು, ವಶಪಡಿಸಿಕೊಳ್ಳುವುದು ರಾಜಾಧಿಕಾರವಷ್ಟೆ! ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ಗಜೇಂದ್ರಗಡಕರರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಅವರ ಮನೆತನದ ಹೆಸರೂ ನಮ್ಮ ಗಜೇಂದ್ರಗಡದ್ದೇ. ಈ ಸ್ಥಿತಿ ತೃಪ್ತಿಕರವಲ್ಲ, ಶಾಸನವಾಗಬೇಕು ಎಂದು ಅವರೇ ಬರೆದರು.

ಶಾಸನವೇ ಗೊತ್ತುಮಾಡಿದ ಮಿತಿಯೂ ಉಂಟು. ರೈಲು ಅಪಘಾತದಲ್ಲಿ ಮಡಿದವನ ಪರಿಹಾರಕ್ಕೆ 1943ರ ತಿದ್ದುಪಡಿ 10,000 ರೂಪಾಯಿಯ ಎಲ್ಲೆ ಕಟ್ಟಿತು; 2017ರ ಜನವರಿ 1ರಿಂದ ಆ ಮೊತ್ತ 8 ಲಕ್ಷವಾಯಿತು. ಆದರೆ ಅಲ್ಲಿ ರೈಲ್ವೆಯ ತಪ್ಪನ್ನು ಸಿದ್ಧಪಡಿಸುವ ಹೊರೆ ವಾರಸುದಾರರಿಗಿಲ್ಲ. ಮಿತಿಗೆ ಪ್ರತಿಯಾಗಿ ಸೌಕರ್ಯವೊಂದು ದೊರೆಯುತ್ತದೆ. ಅಮೃತಸರದ ವ್ಯಾಪಾರಿಗೆ ತಪ್ಪನ್ನು ತೋರಿಸಿಯೂ ದೊರೆತುದು ಸೊನ್ನೆ. ಬರೆದಿಟ್ಟ ಮಿತಿಗಿಂತ ಬರೆಯದ ಈ ಮಿತಿಯೇ ಸಂವಿಧಾನಕ್ಕೆ ಹೆಚ್ಚು ವಿರುದ್ಧವೆಂದು ನನಗೆ ತೋರುತ್ತದೆ.

ಗೋಕಾಕದ ಮಹಿಳೆ ಹಿಡಿದುದು ಬೇರೆ ದಾರಿ. ಆಕೆಯದು ನಷ್ಟಪರಿಹಾರದ ದಾವೆಯಲ್ಲ. ದಂಡಪ್ರಕ್ರಿಯಾ ಸಂಹಿತೆಯಂತೆ ಸೊತ್ತನ್ನು ಹಿಂದಿರುಗಿಸಬೇಕೆಂಬ ಅರ್ಜಿ. ಸಾಕಷ್ಟು ಎಚ್ಚರ ವಹಿಸಿದ್ದೆವೆಂದು ಸರಕಾರ ತೋರಿಸಿಕೊಡದ ಕಾರಣ ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ಆಕೆಗೆ 10,000 ರೂಪಾಯಿ ಕೊಡಿಸಿತು. ರಾಜಾಧಿಕಾರದ ಗೆರೆಯನ್ನು ಅಳಿಸದೆ ಬಳಸಿಕೊಂಡು ಹೋದ ತೀರ್ಪಿದು.

ನೇರವಾದ ಮಾತು ಬಂದುದು 1993ರಲ್ಲಿ, ಒರಿಸ್ಸಾದ ನೀಲಬತಿ ಬೆಹೆರಾ ಪ್ರಕರಣದಲ್ಲಿ. ಮೂಲಭೂತ ಹಕ್ಕಿಗೆ ಭಂಗವಾದಾಗ ಸಂವಿಧಾನದನ್ವಯ ಕೊಡಿಸುವ ಪರಿಹಾರಕ್ಕೆ ರಾಜಾಧಿಕಾರದ ರಕ್ಷಣೆ ಅಡ್ಡಬಾರದೆಂದು ನ್ಯಾಯಾಲಯ ಸಾರಿತು. ಆದರೆ ಆಸ್ತಿಯ ಹಕ್ಕು ಅಷ್ಟರೊಳಗೆ ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಿದ್ದಿತ್ತು. ಕಾನೂನು ಆಯೋಗವು 1956ರಲ್ಲಿಯೇ ಕೇಳಿದ್ದ ಶಾಸನದ ಮಸೂದೆ 1967ರಲ್ಲಿ ಲೋಕಸಭೆಯ ಮುಂದೆ ಬಂದು, ಅಂಗೀಕಾರವಾಗದೆ ಬಿದ್ದುಹೋಯಿತು.