ಸ್ನಾನಗೃಹದಲ್ಲಿ ನೀರಿನ ಸೋರಿಕೆ: ಪತ್ತೆ ಹಚ್ಚುವ ಹಾಗೂ ಸರಿಪಡಿಸುವ ಕ್ರಮ

ಬೆಂಗಳೂರು ನಗರದ ಗೃಹಬಳಕೆ ಗ್ರಾಹಕರ ಮಾಹಿತಿಗಾಗಿ

ಬೆಂಗಳೂರು ನಗರಕ್ಕೆ ಕಾವೇರಿ ನೀರನ್ನು ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಪಂಪು ಮಾಡಿ ತರಲಾಗುತ್ತಿದೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತದ ಯೋಜನೆಯು ಚಾಲನೆಗೊಂಡಿದ್ದು, ಇದರ ಸಾಮರ್ಥ್ಯವು ದಿನವೊಂದಕ್ಕೆ 775 ದಶಲಕ್ಷ ಲೀಟರ್ ಆಗಿರುತ್ತದೆ. ಆದರೆ ಮೀಟರು ದಾಟಿದ ನಂತರದ ನೀರು ಬಳಕೆಯಾದರೂ ಸೋರಿದರೂ ಗ್ರಾಹಕರ ಲೆಕ್ಕಕ್ಕೇ ಸೇರುತ್ತದೆ. ಗೃಹಬಳಕೆಯ ದರವು ಹಂತ ಹಂತವಾಗಿ ಏರುವುದರಿಂದ, ಹೀಗೆ ಸೋರಿದ ನೀರಿಗೆ ಆ ಮನೆಯು ತಲುಪಿದ ಮೇಲಿನ ಹಂತದ ದರವೇ ಬೀಳುತ್ತದೆ ಎಂಬುದನ್ನು ಗಮನಿಸತಕ್ಕದ್ದು.

ಸ್ನಾನಗೃಹದ ಸೋರಿಕೆಯಲ್ಲಿ ನೀರಿನ ನಷ್ಟಕ್ಕಿಂತ ಹೆಚ್ಚಿನ ವೆಚ್ಚವು ತಪ್ಪು ದುರಸ್ತಿಯಿಂದ ಆಗುತ್ತದೆ. ಕೆಳಗಿನ ಮನೆಯ ಛಾವಣಿಯಲ್ಲಿ ತೇವ ಕಂಡ ಕೂಡಲೇ ಮೇಲಿನ ಮನೆಯ ಟೈಲ್ಸ್ ಒಡೆಸಿ, ಕಡೆಗೆ ದೋಷವು ಜಾಲರಿಯ ಬಾಯಲ್ಲಿತ್ತೆಂದು ತಿಳಿದುಬರುವ ಪ್ರಕರಣಗಳು ಅಪರೂಪವಲ್ಲ. ಆದ್ದರಿಂದ ಮೇಸ್ತ್ರಿಯನ್ನು ಕರೆಸುವ ಮುನ್ನ ಈ ಕೆಳಗಿನ ಪರೀಕ್ಷೆಗಳನ್ನು ಮಾಡಿಕೊಳ್ಳುವುದು ಸೂಕ್ತ. ಇವುಗಳಿಗೆ ಎರಡು ದಿನಗಳ ಸಮಯ ಬೇಕಾಗುವುದೇ ವಿನಾ ಹಣ ಬೇಕಾಗುವುದಿಲ್ಲ.

ಎಚ್ಚರಿಕೆ: ತೇವವು ವಿದ್ಯುತ್ ದೀಪ, ಸ್ವಿಚ್ ಅಥವಾ ಗೀಸರ್ ಬಳಿ ಇದ್ದಲ್ಲಿ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸತಕ್ಕದ್ದು. ಉಳಿದದ್ದೆಲ್ಲ ಆ ನಂತರ.

1. ಓವರ್‌ಹೆಡ್ ಟ್ಯಾಂಕಿನ ಪರೀಕ್ಷೆ

ಎಲ್ಲಾ ನಲ್ಲಿಗಳನ್ನು ಮುಚ್ಚಿ ಮೀಟರಿನ ಮುಳ್ಳನ್ನು ನೋಡಬೇಕೆಂಬ ಸಲಹೆಯನ್ನು ಅನೇಕರು ಓದಿರುತ್ತಾರೆ. ನಮ್ಮ ನಗರದ ಬಹುಪಾಲು ಮನೆಗಳಲ್ಲಿ ನೀರು ಮೀಟರಿನಿಂದ ಸಂಪಿಗೆ, ಸಂಪಿನಿಂದ ಮೋಟಾರಿನ ಮೂಲಕ ಓವರ್‌ಹೆಡ್ ಟ್ಯಾಂಕಿಗೆ, ಅಲ್ಲಿಂದ ಸ್ನಾನಗೃಹಕ್ಕೆ ಬರುವುದರಿಂದ ಮೀಟರಿನ ಮುಳ್ಳು ಸ್ನಾನಗೃಹದ ಸೋರಿಕೆಯನ್ನು ನೇರವಾಗಿ ತೋರಿಸುವುದಿಲ್ಲ. ಇಲ್ಲಿ ಟ್ಯಾಂಕನ್ನೇ ಮೀಟರಿನಂತೆ ಬಳಸಬೇಕು.

ರಾತ್ರಿ ಮಲಗುವ ಮುನ್ನ ಟ್ಯಾಂಕನ್ನು ತುಂಬಿಸಿ, ಮೋಟಾರು ಆರಿಸಿ, ಎಲ್ಲಾ ನಲ್ಲಿಗಳನ್ನು ಮುಚ್ಚಿ, ಒಂದು ಕೋಲನ್ನು ಇಳಿಬಿಟ್ಟು ನೀರಿನ ಮಟ್ಟವನ್ನು ಗುರುತು ಮಾಡಿಕೊಳ್ಳಿ. ಬೆಳಿಗ್ಗೆ ನೀರು ಬಳಸುವ ಮೊದಲು ಪುನಃ ಅಳೆಯಿರಿ. 1 ಮೀಟರ್ ವ್ಯಾಸದ ದುಂಡನೆಯ ಟ್ಯಾಂಕಿನಲ್ಲಿ 1 ಸೆಂ.ಮೀ. ಇಳಿಕೆಯೆಂದರೆ ಸುಮಾರು 8 ಲೀಟರ್. ರಾತ್ರಿಯ 8 ಗಂಟೆಗಳಲ್ಲಿ 5 ಸೆಂ.ಮೀ. ಇಳಿದಿದ್ದರೆ ಸುಮಾರು 40 ಲೀಟರ್, ದಿನಕ್ಕೆ 120 ಲೀಟರ್, ತಿಂಗಳಿಗೆ 3,600 ಲೀಟರ್ ಸೋರಿದಂತಾಗುತ್ತದೆ. ಮರುದಿನ ರಾತ್ರಿ ಸ್ನಾನಗೃಹದ ಗೇಟ್ ವಾಲ್ವ್ ಮುಚ್ಚಿ ಇದೇ ಪರೀಕ್ಷೆ ಮಾಡಿದಾಗ ಮಟ್ಟ ಇಳಿಯದಿದ್ದರೆ ದೋಷವು ಆ ಸ್ನಾನಗೃಹದಲ್ಲೇ ಇದೆಯೆಂದು ತಿಳಿಯಬಹುದು.

ಇಳಿಕೆ ಕಂಡುಬಂದಲ್ಲಿ ಗೋಡೆಯನ್ನು ಅನುಮಾನಿಸುವ ಮೊದಲು ಕಮೋಡಿನ ಫ್ಲಶ್ ಟ್ಯಾಂಕನ್ನು ನೋಡತಕ್ಕದ್ದು. ಅದರೊಳಗೆ ಬಟ್ಟೆಗೆ ಹಾಕುವ ನೀಲಿಯ ನಾಲ್ಕಾರು ಹನಿ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನೊಳಗೆ ನೀಲಿ ಬಣ್ಣ ಇಳಿದಿದ್ದರೆ ಒಳಗಿನ ರಬ್ಬರ್ ಬದಲಾಯಿಸಿದರೆ ಸಾಕು.

2. ಶವರ್ ಮತ್ತು ನಲ್ಲಿಗಳು

ಶವರ್ ನಿಲ್ಲಿಸಿದ ನಂತರ ಕೆಲವು ನಿಮಿಷ ಹನಿ ಬೀಳುವುದು ಸೋರಿಕೆಯಲ್ಲ, ಅದರ ತಲೆಯಲ್ಲಿ ಉಳಿದ ನೀರು ಇಳಿಯುತ್ತಿರುತ್ತದೆ. ಒಂದು ಗಂಟೆಯ ನಂತರವೂ ಹನಿಯುತ್ತಿದ್ದರೆ ದೋಷವು ಶವರಿನದ್ದಲ್ಲ, ಗೋಡೆಯಲ್ಲಿರುವ ವಾಲ್ವಿನದ್ದು. ಶವರ್ ತಲೆಯನ್ನು ಬದಲಾಯಿಸಿ ಹಣ ಕಳೆದುಕೊಳ್ಳಬಾರದು. ಹನಿಯುವ ನೀರನ್ನು 10 ನಿಮಿಷ ಲೋಟದಲ್ಲಿ ಹಿಡಿದು 144ರಿಂದ ಗುಣಿಸಿದರೆ ದಿನದ ನಷ್ಟ ದೊರೆಯುತ್ತದೆ. 100 ಮಿ.ಲೀ. ಸಿಕ್ಕಿದಲ್ಲಿ ಅದು ದಿನಕ್ಕೆ 14.4 ಲೀಟರ್.

ದುರಸ್ತಿಗೆ ಮೊದಲು ಗೇಟ್ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಉಳಿದ ನೀರನ್ನು ಇಳಿಸಬೇಕು. ಹಲವು ಸುತ್ತು ತಿರುಗಿಸುವ ಹಳೆಯ ಮಾದರಿಯ ನಲ್ಲಿಯಲ್ಲಿ ವಾಷರ್ ಸವೆದಿರುತ್ತದೆ. ಅರ್ಧ ಸುತ್ತಿಗೇ ತೆರೆಯುವ ಹೊಸ ಮಾದರಿಯಲ್ಲಿ ವಾಷರಿನ ಬದಲು ಕಾರ್ಟ್ರಿಡ್ಜ್ ಇದ್ದು, ಅದನ್ನು ಇಡಿಯಾಗಿ ಬದಲಾಯಿಸಬೇಕಾಗುತ್ತದೆ. ಹಳೆಯ ಭಾಗವನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದನ್ನು ಕೊಳ್ಳುವುದು ಒಳ್ಳೆಯದು. ಶವರ್ ತಿರುಪಿನ ಬಳಿ ಜಿನುಗುತ್ತಿದ್ದರೆ ಬಿಚ್ಚಿ, ಹಳೆಯ ಟೇಪು ತೆಗೆದು, ತಿರುಪಿನ ದಿಕ್ಕಿನಲ್ಲೇ ಹೊಸ ಟೆಫ್ಲಾನ್ ಟೇಪು ಸುತ್ತಬೇಕು. ಕೊಳವೆಬಾವಿ ನೀರಿನ ಲವಣವು ರಂಧ್ರಗಳಲ್ಲಿ ಕಟ್ಟಿ ನೀರು ಅಡ್ಡಡ್ಡ ಚಿಮ್ಮಿ ಗೋಡೆ ನೆನೆಯುತ್ತಿದ್ದರೆ, ಶವರ್ ತಲೆಯನ್ನು ವಿನೆಗರ್‌ನಲ್ಲಿ ಕೆಲವು ಗಂಟೆ ನೆನೆಸಿ ಉಜ್ಜಬಹುದು. ಟಾಯ್ಲೆಟ್ ಆಸಿಡ್ ಬಳಸಕೂಡದು, ಅದು ಹೊಳಪಿನ ಲೇಪವನ್ನು ತಿನ್ನುತ್ತದೆ.

3. ಕೆಳಗಿನ ಛಾವಣಿಯಲ್ಲಿ ತೇವ: ಕಾರಣ ಬೇರ್ಪಡಿಸುವ ವಿಧಾನ

ಹೊರಗೆ ಹನಿ ಕಾಣದೆ ಟ್ಯಾಂಕಿನ ಮಟ್ಟ ಇಳಿಯುತ್ತಿದ್ದು, ಮನೆಯವರು ಊರಿಗೆ ಹೋಗಿದ್ದಾಗಲೂ ತೇವ ಹೆಚ್ಚುತ್ತಿದ್ದರೆ ಗೋಡೆಯೊಳಗಿನ ಪೈಪು ಸೋರುತ್ತಿದೆ ಎನ್ನಬಹುದು. ಇದು ಪ್ಲಂಬರ್ ಮಾಡಬೇಕಾದ ಕೆಲಸ. ಒಡೆಯುವ ಮೊದಲು ತಣ್ಣೀರು ಹಾಗೂ ಬಿಸಿನೀರಿನ ಪೈಪುಗಳಿಗೆ ಬೇರೆ ಬೇರೆಯಾಗಿ ಕೈಪಂಪಿನಿಂದ ಒತ್ತಡದ ಪರೀಕ್ಷೆ ಮಾಡುವಂತೆ ಕೋರಿ. ಒತ್ತಡ ನಿಲ್ಲದ ಪೈಪನ್ನು ಮಾತ್ರ ತೆರೆದರೆ ಸಾಕಾಗುತ್ತದೆ.

ಟ್ಯಾಂಕಿನ ಮಟ್ಟ ಇಳಿಯದೆ, ಸ್ನಾನವಾದ ಮೇಲೆ ಮಾತ್ರ ತೇವ ಹೆಚ್ಚಿದರೆ ಕೆಳಕಂಡ ಕ್ರಮವನ್ನು ಇದೇ ಅನುಕ್ರಮದಲ್ಲಿ, ಪ್ರತಿ ಹಂತದ ಮೊದಲೂ ನೆಲ ಒಣಗಿದ ಮೇಲೆ, ಅನುಸರಿಸತಕ್ಕದ್ದು:

ಅ) ನೆಲ ನೆನೆಯದಂತೆ ಎರಡು ಬಕೆಟ್ ನೀರನ್ನು ನೇರವಾಗಿ ಜಾಲರಿಯ ಬಾಯಿಗೆ ಸುರಿಯಿರಿ. ಕೆಳಗೆ ತೇವ ಹೆಚ್ಚಿದರೆ ದೋಷವು ಜಾಲರಿಯ ಕೆಳಗಿನ ಟ್ರ್ಯಾಪ್ ಅಥವಾ ಹೊರಹೋಗುವ ಪೈಪಿನದ್ದು.

ಆ) ಜಾಲರಿಯನ್ನು ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ನೆಲದ ಮೇಲೆ 2 ಸೆಂ.ಮೀ. ನೀರು 24 ಗಂಟೆ ನಿಲ್ಲಿಸಿ. ನೀರು ಬಾಗಿಲಿನ ಹೊಸ್ತಿಲು ದಾಟದಂತೆ ನೋಡಿಕೊಳ್ಳಿ. ಈಗ ತೇವ ಬಂದರೆ ದೋಷವು ಟೈಲ್ಸ್ ಸಂದಿನದ್ದು ಅಥವಾ ಅದರಡಿಯ ಜಲನಿರೋಧಕ ಪದರದ್ದು.

ಇ) ಎರಡರಲ್ಲೂ ತೇವ ಬಾರದಿದ್ದರೆ ಗೋಡೆಯ ಮೇಲೆ ಶವರ್ ಹರಿಸಿ ನೋಡಿ.

ಸಂದಿನ ದೋಷವಾದಲ್ಲಿ ಹಳೆಯ ಸಿಮೆಂಟನ್ನು ಕೆರೆದು, ಪೂರ್ತಿ ಒಣಗಿಸಿ, ಎಪಾಕ್ಸಿ ತುಂಬುವುದರಿಂದ ಅನೇಕ ಬಾರಿ ಟೈಲ್ಸ್ ಒಡೆಯುವ ಪ್ರಮೇಯ ತಪ್ಪುತ್ತದೆ. ಪದರವೇ ಹಾಳಾಗಿದ್ದರೆ ಒಡೆಯದೆ ಗತ್ಯಂತರವಿಲ್ಲ. ಆಗಲೂ ಹೊಸ ಪದರ ಹಾಕಿದ ಮೇಲೆ, ಟೈಲ್ಸ್ ಕೂರಿಸುವ ಮೊದಲು, 24 ಗಂಟೆ ನೀರು ನಿಲ್ಲಿಸಿ ನೋಡಿಯೇ ಅಂತಿಮ ಹಣ ಪಾವತಿಸುವುದು ಕ್ಷೇಮ.

ಅಪಾರ್ಟ್‌ಮೆಂಟುಗಳಲ್ಲಿ ಸ್ನಾನಗೃಹದ ತಳವನ್ನು ತಗ್ಗಿಸಿ, ಇಟ್ಟಿಗೆ ಚೂರು ಮುಂತಾದವನ್ನು ತುಂಬಿರುವುದರಿಂದ ಅದರಲ್ಲಿ ನಿಂತ ನೀರು ದುರಸ್ತಿಯಾದ ಮೇಲೂ ಕೆಲವು ವಾರ ಇಳಿಯುತ್ತಿರಬಹುದು. ಆದುದರಿಂದ ದುರಸ್ತಿಯಾದ ಮರುದಿನವೇ ಕೆಲಸ ಕೆಟ್ಟಿತೆಂದು ನಿರ್ಧರಿಸಬಾರದು. ತೇವದ ಅಂಚನ್ನು ಪೆನ್ಸಿಲಿನಿಂದ ಗುರುತಿಸಿ ದಿನಾಂಕ ಬರೆದಿಟ್ಟರೆ ಅದು ಹಿಗ್ಗುತ್ತಿದೆಯೋ ಕುಗ್ಗುತ್ತಿದೆಯೋ ತಿಳಿಯುತ್ತದೆ. ಮೇಲಿನವರಿಗೂ ಕೆಳಗಿನವರಿಗೂ ವಾದಕ್ಕೆ ಆಸ್ಪದವಿರದಂತೆ ಪರೀಕ್ಷೆಯ ವೇಳೆ ಇಬ್ಬರೂ ಹಾಜರಿರುವುದು ಒಳ್ಳೆಯದು. ಮನೆಯೊಳಗಿನ ಪೈಪಿನ ವೆಚ್ಚ ಆಯಾ ಮಾಲೀಕರದು, ಎಲ್ಲರಿಗೂ ಸೇರಿದ ನಿಲುಪೈಪಿನ ವೆಚ್ಚ ಸಂಘದ್ದು ಎಂಬುದು ಸಾಮಾನ್ಯ ಪದ್ಧತಿ. ಸಂಘದ ಉಪವಿಧಿಗಳನ್ನು ನೋಡಿಕೊಳ್ಳತಕ್ಕದ್ದು.

4. ಬಾತ್‌ಟಬ್ ಇರುವ ಮನೆಗಳಿಗೆ

ಟಬ್ಬನ್ನು ಮೇಲಿನ ರಂಧ್ರಕ್ಕಿಂತ ಕೆಳಗಿನವರೆಗೆ ತುಂಬಿಸಿ ಒಂದು ಗಂಟೆ ಬಿಡಿ. ಮಟ್ಟ ಇಳಿದರೆ ತಳದ ಬಿರಡೆ ಅಥವಾ ಬಿರುಕು. ಇಳಿಯದೆ, ಖಾಲಿ ಮಾಡುವಾಗ ಮಾತ್ರ ತೇವ ಬಂದರೆ ಹೊರಹೋಗುವ ಪೈಪು. ರಂಧ್ರದವರೆಗೆ ತುಂಬಿದಾಗ ಮಾತ್ರ ಬಂದರೆ ಅಲ್ಲಿನ ರಬ್ಬರ್. ಗೋಡೆಯಂಚಿಗೆ ಸಿಲಿಕಾನ್ ಹಚ್ಚುವಾಗ ಟಬ್ಬಿನಲ್ಲಿ ನೀರು ತುಂಬಿರಬೇಕು. ಖಾಲಿ ಟಬ್ಬಿಗೆ ಹಚ್ಚಿದರೆ ಭಾರ ಬಿದ್ದಾಗ ಅಂಚು ಜಗ್ಗಿ ಸಂದು ಬಿಡುತ್ತದೆ. 24 ಗಂಟೆ ಒಣಗಿದ ನಂತರ ನೀರು ಬಿಡಬಹುದು.

5. ದೂರು ಸಲ್ಲಿಸುವ ಮುನ್ನ

ಮನೆಯೊಳಗೆ ಸೋರಿಕೆ ಕಂಡುಬರದೆ ಬಿಲ್ಲು ಮಾತ್ರ ಏರಿದ್ದಲ್ಲಿ, ನೀರು ಬರುವ ದಿನ ಸಂಪಿನ ಒಳಹರಿವಿನ ವಾಲ್ವ್ ಮುಚ್ಚಿ ಮೀಟರನ್ನು ನೋಡಿ. ಮುಳ್ಳು ಚಲಿಸುತ್ತಿದ್ದರೆ ಮೀಟರಿಗೂ ಸಂಪಿಗೂ ನಡುವಿನ ಪೈಪನ್ನು ಪರಿಶೀಲಿಸಬೇಕು. ಮೀಟರಿಗಿಂತ ಹಿಂದಿನ, ಅಂದರೆ ರಸ್ತೆಯ ಕಡೆಯ ಸೋರಿಕೆ ಹಾಗೂ ಮೀಟರಿನ ದೋಷಗಳ ಕುರಿತು ಬೆಂಗಳೂರು ಜಲಮಂಡಳಿಯ ಸಹಾಯವಾಣಿ 1916ಕ್ಕೆ ತಿಳಿಸಬಹುದು. ಕರೆ ಮಾಡುವಾಗ ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆ, ಅಂದಿನ ಮೀಟರು ಓದು ಹಾಗೂ ಹಿಂದಿನ ಎರಡು ತಿಂಗಳ ಬಿಲ್ಲುಗಳನ್ನು ಕೈಯಲ್ಲಿಟ್ಟುಕೊಂಡಿರಲು ಕೋರಲಾಗಿದೆ.